ಕಾಳಾರಾಮ ಮಂದಿರದಿಂದ ನಾಗಸೇನವನಕ್ಕೆ

ನಾಸಿಕ್‌ನ ಸಾತ್ಪುರದಲ್ಲಿ ಕೆಲಸ ಮಾಡುವ ನಾನು ತಿಂಗಳಿಗೆರಡು ಸಲವಾದರೂ ಛತ್ರಪತಿ ಸಂಭಾಜಿನಗರದ ವಾಳುಜ್‌ಗೆ ಹೋಗಬೇಕಾಗುತ್ತದೆ. 200 ಕಿ.ಮೀ.ಗೆ ತುಸು ಕಡಿಮೆಯ ಈ ದಾರಿಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕಿನ ಮೂರು ತಿರುವುಗಳು ಸಾಲಾಗಿ ಸಿಗುತ್ತವೆ. ಮಾದರಿ ಸಮಾಜ ಎಂಬುದು ಸಾಧ್ಯವೇ ಎಂದು ಯೋಚಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಮ್ಮ ಹಾಗೆ ಅವರೂ ಕೆಲಸಕ್ಕಾಗಿ ಪರಊರಿಗೆ ಹೋದವರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ ಮುಟ್ಟಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಊರಲ್ಲಿ ಬಾಡಿಗೆಗೊಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ಛತ್ರವೊಂದರಲ್ಲಿ ಉಳಿದರು; ಜಾತಿ ತಿಳಿಯುತ್ತಲೇ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಇಲ್ಲಿ ಮನೆ ಹುಡುಕುವಾಗ ಮಾಲೀಕರೊಬ್ಬರು ನನ್ನ ಸಂಬಳಕ್ಕಿಂತ ಮೊದಲು ಅಡ್ಡಹೆಸರು ವಿಚಾರಿಸಿದರು. ಇನಿಷಿಯಲ್ ಮಾತ್ರ ಇರುವ ಕನ್ನಡಿಗನ ಹೆಸರಿನಿಂದ ಅವರಿಗೇನೂ ತಿಳಿಯಲಿಲ್ಲ, ಮನೆಯೂ ಸಿಗಲಿಲ್ಲ. ಆ ಪ್ರಶ್ನೆಗೆ ನೂರು ವರ್ಷ ದಾಟಿದೆ.

ಮೊದಲ ತಿರುವು ನಾಸಿಕ್‌ನ ಪಂಚವಟಿ. 1930ರ ಮಾರ್ಚ್ 2ರಂದು, ಗಾಂಧೀಜಿ ದಂಡಿಗೆ ಹೊರಡುವ ಹತ್ತು ದಿನ ಮೊದಲು, ಕಾಳಾರಾಮ ಮಂದಿರ ಪ್ರವೇಶದ ಸತ್ಯಾಗ್ರಹ ಆರಂಭವಾಯಿತು. ಸಾವಿರಾರು ದಲಿತರು ಬಂದರು, ಬಾಗಿಲು ಮುಚ್ಚಿತ್ತು. ದಾದಾಸಾಹೇಬ್ ಗಾಯಕವಾಡರಂಥ ಸ್ಥಳೀಯ ನಾಯಕರು ಹೋರಾಟವನ್ನು ವರ್ಷಗಟ್ಟಲೆ ನಡೆಸಿದರು. ಬಾಗಿಲು ತೆರೆಯಲಿಲ್ಲ.

ಎರಡನೆಯದು ಯೇವಲಾ. ಪೈಠಣಿ ಸೀರೆಗೆಂದು ನಮ್ಮವರು ಇಳಿಯುವ ಊರು. 1935ರ ಅಕ್ಟೋಬರ್ 13ರಂದು ಇಲ್ಲಿನ ಸಮ್ಮೇಳನದಲ್ಲಿ, ತಾನು ಹಿಂದೂವಾಗಿ ಹುಟ್ಟಿದ್ದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು ಸಾರಿದರು. ಮರುವರ್ಷ ಲಾಹೋರ್‌ನಲ್ಲಿ ಮಾಡಬೇಕಿದ್ದ ಭಾಷಣವನ್ನು ಸಂಘಟಕರು ರದ್ದು ಮಾಡಿದಾಗ ತಾವೇ ಅಚ್ಚು ಹಾಕಿಸಿದರು. ಜಾತಿ ವಿನಾಶ ಕುರಿತ ಆ ಪುಸ್ತಕದಲ್ಲಿ ಅವರ ಮಾದರಿ ಸಮಾಜದ ಚಿತ್ರವಿದೆ: ಸ್ವಾತಂತ್ರ್ಯ, ಸಮಾನತೆ, ಬಂಧುತ್ವದ ಮೇಲೆ ನಿಂತದ್ದು, ಒಂದು ಮೂಲೆಯಲ್ಲಿ ಆದ ಬದಲಾವಣೆ ಇನ್ನೊಂದು ಮೂಲೆಗೆ ಹರಿಯುವಂಥದ್ದು. ಬಂಧುತ್ವವೇ ಪ್ರಜಾಪ್ರಭುತ್ವದ ಇನ್ನೊಂದು ಹೆಸರು ಎಂಬುದು ಅವರ ನಿಲುವು.

ಮೂರನೆಯದು ಸಂಭಾಜಿನಗರದ ನಾಗಸೇನವನ. ಆಗಿನ ಔರಂಗಾಬಾದ್, ನಮ್ಮ ಕಲಬುರಗಿ, ಬೀದರ್, ರಾಯಚೂರಿನಂತೆ, ಹೈದರಾಬಾದ್ ರಾಜ್ಯದಲ್ಲಿತ್ತು. ಹಿಂದುಳಿದ ಮರಾಠವಾಡದಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1950ರಲ್ಲಿ ಕಾಲೇಜು ತೆರೆಯಿತು. ಅದಕ್ಕೆ ಅವರು ಆಯ್ದ ಹೆಸರು ಮಿಲಿಂದ, ಬೌದ್ಧ ಭಿಕ್ಷು ನಾಗಸೇನನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ ದೊರೆಯದು. ದೇಶದ ಕಾನೂನು ಮಂತ್ರಿಯಾಗಿದ್ದವರು ಈ ಕಾಲೇಜಿಗಾಗಿ ಸಮಯ ಕೊಟ್ಟರು. ಸಂವಿಧಾನ ಬರೆದು ಮುಗಿಸುವಾಗಲೇ, ಮತದಲ್ಲಿ ಸಮಾನತೆ ಬಂದರೂ ಬದುಕಿನಲ್ಲಿ ಅಸಮಾನತೆ ಉಳಿಯಲಿದೆ ಎಂದು 1949ರ ನವೆಂಬರ್ 25ರಂದು ಅವರು ಎಚ್ಚರಿಸಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಡಿಸೆಂಬರ್ 6ರಂದು ತೀರಿಕೊಂಡರು.

ಅವರ ಎಚ್ಚರಿಕೆ ಇದೇ ಊರಿನಲ್ಲಿ ನಿಜವಾಯಿತು. ಇಲ್ಲಿನ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲು 1978ರಲ್ಲಿ ಶಾಸಕಾಂಗ ಒಪ್ಪಿದಾಗ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹೆಸರು ಬಂದದ್ದು 1994ರ ಜನವರಿ 14ರಂದು.

ಪರಿಪೂರ್ಣ ಸಮಾಜ ಬರುತ್ತದೆಂದು ನನಗನಿಸುವುದಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣ ಚದುರಿದ್ದನ್ನು ಓದಿ ಬೆಳೆದವರು ನಾವು. ಆದರೂ ಕಾಳಾರಾಮ ಮಂದಿರಕ್ಕೆ ಇಂದು ಯಾರು ಬೇಕಾದರೂ ಹೋಗಬಹುದು. ಮುಚ್ಚಿದ ಬಾಗಿಲ ಮುಂದೆ ನಿಂತವರು ಇಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ನಾಸಿಕ್‌ಗೆ ಬರುವ ಕನ್ನಡಿಗರು ಪಂಚವಟಿ, ತ್ರ್ಯಂಬಕ ನೋಡಿ ಮರಳುತ್ತಾರೆ. ಒಂದು ದಿನ ಹೆಚ್ಚು ಇಟ್ಟುಕೊಂಡು ಯೇವಲಾ ಮಾರ್ಗವಾಗಿ ನಾಗಸೇನವನಕ್ಕೂ ಹೋಗಿ ಬನ್ನಿ.