ಬಿಷಪ್ ಎಂದರೆ ಯಾರು? ಶಾರ್ಬೊನೊ ಸ್ವಾಮಿಗಳ ಬಾಳು ಹೇಳುವ ಅರ್ಥ



ನಂಜನಗೂಡಿಗಾಗಲಿ ಟಿ. ನರಸೀಪುರಕ್ಕಾಗಲಿ ಮಕ್ಕಳಿಗೆ ದೃಢೀಕರಣ ಸಂಸ್ಕಾರ ನೀಡಲು ಮೈಸೂರಿನಿಂದ ಬಿಷಪರು ಬರುವ ದಿನ ನಿಮಗೆಲ್ಲ ಸಂಭ್ರಮದ ದಿನ. ಬಾಗಿಲಿಗೆ ತೋರಣ, ಕೊರಳಿಗೆ ಹಾರ, ಉಂಗುರಕ್ಕೆ ಮುತ್ತು. ಆಗ ನಿಮ್ಮ ಮಗು, ಬಿಷಪ್ ಎಂದರೆ ಯಾರು ಎಂದು ಕೇಳಿದರೆ ಏನು ಹೇಳುತ್ತೀರಿ? ದೊಡ್ಡ ಸ್ವಾಮಿಗಳು ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಆ ಪದದಲ್ಲಿ ದೊಡ್ಡತನಕ್ಕಿಂತ ಹೆಚ್ಚಿನದೊಂದು ಅಡಗಿದೆ. ಅದನ್ನು ತಿಳಿಯಲು ಒಂದೂವರೆ ಶತಮಾನದ ಹಿಂದೆ ಈ ಸೀಮೆಗೆಲ್ಲ ಬಿಷಪರಾಗಿದ್ದ ಒಬ್ಬ ಪುಣ್ಯಾತ್ಮರ ಬಾಳನ್ನು ನೋಡೋಣ ಬನ್ನಿ.

ಅವರ ಹೆಸರು ಎತಿಯೆನ್ ಲೂಯಿ ಶಾರ್ಬೊನೊ. ಹುಟ್ಟಿದ್ದು 1806ರಲ್ಲಿ, ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತದ ಫೂಜೆರ್ ಎಂಬ ಊರಿನಲ್ಲಿ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯನ್ನು ಸೇರಿ, ತಾಯ್ನಾಡನ್ನು ಬಿಟ್ಟು ಭಾರತಕ್ಕೆ ಬಂದರು. 1845ರಲ್ಲಿ ಅವರಿಗೆ ಬಿಷಪ್ ದೀಕ್ಷೆಯಾಯಿತು. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯತ್ ಆದಾಗ ಅದರ ಹೊಣೆ ಅವರ ಹೆಗಲೇರಿತು.

ಆದರೆ ಅವರು ಮೈಸೂರಿನ ಬಿಷಪ್ ಎನಿಸಿಕೊಳ್ಳಲಿಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು! ಆಗ ಮೈಸೂರು ಇನ್ನೂ ಧರ್ಮಕ್ಷೇತ್ರವಾಗಿರಲಿಲ್ಲ, ಆದದ್ದು 1886ರಲ್ಲಿ. ಅಲ್ಲಿಯವರೆಗೆ ಪೋಪರ ಪ್ರತಿನಿಧಿಯಾಗಿ ಒಬ್ಬ ಬಿಷಪರು ಇದನ್ನು ನೋಡಿಕೊಳ್ಳುತ್ತಿದ್ದರು. ಅಂಥವರಿಗೆ ಪುರಾತನ ಕಾಲದ ಯಾವುದಾದರೂ ಪಟ್ಟಣದ ಹೆಸರಿನಲ್ಲಿ ಬಿರುದು ಕೊಡುವುದು ಧರ್ಮಸಭೆಯ ವಾಡಿಕೆ. ಹೀಗೆ ಶಾರ್ಬೊನೊ ಸ್ವಾಮಿಗಳು ಹೆಸರಿಗೆ ಯಾಸ್ಸುಸ್ ಪಟ್ಟಣದ ಬಿಷಪರು. ಅದು ಇಂದಿನ ಟರ್ಕಿ ದೇಶದ ಕಡಲ ದಂಡೆಯ ಹಳೆಯ ಊರು. ಬಿರುದು ಅಲ್ಲಿಯದು, ದುಡಿಮೆ ಇಲ್ಲಿಯದು.

ಬೆಂಗಳೂರಿನಲ್ಲಿದ್ದುಕೊಂಡು ಇಡೀ ಮೈಸೂರು ಸಂಸ್ಥಾನದ ವಿಶ್ವಾಸಿಗಳನ್ನು ನೋಡಿಕೊಳ್ಳಬೇಕಿತ್ತು. ನಂಜನಗೂಡು, ನರಸೀಪುರಗಳೂ ಆ ಎಲ್ಲೆಯೊಳಗೇ ಇದ್ದವು. ಮೈಸೂರಿಗೆ ರೈಲು ಬಂದದ್ದು 1882ರಲ್ಲಿ, ಅವರು ಕಣ್ಮುಚ್ಚಿದ ಮೇಲೆ. ಹಾಗಾಗಿ ಅಂದಿನ ಸ್ವಾಮಿಗಳಿಗೆ ಎತ್ತಿನ ಗಾಡಿ, ಕುದುರೆ, ಕಾಲ್ನಡಿಗೆಗಳೇ ಗತಿ.

ಹೆಣ್ಣುಮಕ್ಕಳ ವಿದ್ಯೆಗೂ ಆರೈಕೆಗೂ ಅವರು ಬರಮಾಡಿಕೊಂಡ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1854ರಲ್ಲಿ ಬೆಂಗಳೂರಿಗೆ ಬಂದರು. ಇಂದು ಹೆಸರಾದ ಸಂತ ಜೋಸೆಫರ ವಿದ್ಯಾಸಂಸ್ಥೆಗಳ ಬೇರು, ಅವರ ಕಾಲದಲ್ಲೇ 1858ರಲ್ಲಿ ಆರಂಭವಾದ ಒಂದು ಸೆಮಿನರಿಯಲ್ಲಿದೆ. ಅವರ ಮಿಷನ್ನಿನ ಗುರುಗಳು 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟನ್ನು ಹೊರತಂದರು. 1861ರಲ್ಲಿ ಸ್ವಾಮಿಗಳೇ ರಚಿಸಿದ ಲ್ಯಾಟಿನ್-ಕನ್ನಡ ನಿಘಂಟು ಬೆಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕಿಟ್ಟೆಲರ ಪ್ರಸಿದ್ಧ ನಿಘಂಟು ಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿದೀತು. ಅದರ ಮುಖಪುಟದಲ್ಲಿ ಅವರ ಸ್ವಂತ ಹೆಸರಿಲ್ಲ. ಯಾಸ್ಸುಸ್‌ನ ಬಿಷಪ್, ಮೈಸೂರಿನ ಪೋಪರ ಪ್ರತಿನಿಧಿ ಎಂದಷ್ಟೇ ಇದೆ. ಹೆಸರು ಹಿಂದೆ ಸರಿದು ಹೊಣೆಯೊಂದೇ ಉಳಿಯಿತು.

ಇನ್ನು ಆ ಪದಕ್ಕೆ ಬರೋಣ. ಗ್ರೀಕ್ ಭಾಷೆಯಲ್ಲಿ ಎಪಿಸ್ಕೊಪೊಸ್. ಎಪಿ ಎಂದರೆ ಮೇಲೆ, ಸ್ಕೊಪೊಸ್ ಎಂದರೆ ನೋಡುವವನು. ಟೆಲಿಸ್ಕೋಪ್ ಪದದಲ್ಲಿರುವುದೂ ಇದೇ ಬೇರು. ಅದು ಲ್ಯಾಟಿನ್ನಿನಲ್ಲಿ ಎಪಿಸ್ಕೊಪುಸ್, ಶಾರ್ಬೊನೊ ಸ್ವಾಮಿಗಳ ಫ್ರೆಂಚಿನಲ್ಲಿ ಎವೆಕ್, ಪೋರ್ಚುಗೀಸರ ಬಾಯಲ್ಲಿ ಬಿಸ್ಪೊ, ಇಂಗ್ಲಿಷರ ಬಾಯಲ್ಲಿ ಸವೆದು ಬಿಷಪ್ ಆಯಿತು. ನಮ್ಮ ಧರ್ಮಾಧ್ಯಕ್ಷ ಎಂಬ ಪದವನ್ನೂ ಬಿಡಿಸಿ ನೋಡಿ: ಅಧಿ ಎಂದರೆ ಮೇಲೆ, ಅಕ್ಷ ಎಂದರೆ ಕಣ್ಣು. ಗ್ರೀಕರು ಹೇಳಿದ್ದನ್ನೇ ನಮ್ಮವರೂ ಹೇಳಿದ್ದಾರೆ! ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವಂತೆ, ಎರಡು ಭಾಷೆಗಳ ಪದಗಳು ಒಂದೇ ಅರ್ಥದಲ್ಲಿ ಕೂಡಿವೆ.

ಇಂಗ್ಲಿಷಿನಲ್ಲಿ ಈ ಪದ ಕಥೋಲಿಕರದಷ್ಟೇ ಅಲ್ಲ. ಆಂಗ್ಲಿಕನ್, ಮೆಥೋಡಿಸ್ಟ್ ಸಭೆಗಳಲ್ಲೂ, ನಮ್ಮ ಸಿ.ಎಸ್.ಐ. ಸಹೋದರರಲ್ಲೂ ಬಿಷಪರಿದ್ದಾರೆ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಕೊಲ್ಕತ್ತದ ಆಂಗ್ಲಿಕನ್ ಬಿಷಪರೊಬ್ಬರ ಹೆಸರಿದೆ. ಚದುರಂಗದ ಒಂಟೆಯೂ ಇಂಗ್ಲಿಷಿನಲ್ಲಿ ಬಿಷಪ್ಪೇ. ಫ್ರೆಂಚರಲ್ಲಿ ಅದೇ ಕಾಯಿ ವಿದೂಷಕ! ಪದವಿ, ಬಿರುದು, ಆಟದ ಕಾಯಿ ಎಂದೆಲ್ಲ ಬಳಕೆ ಹರಡಿದಂತೆ, ನೋಡಿಕೊಳ್ಳುವವನು ಎಂಬ ಮೊದಲ ಅರ್ಥ ಮರೆವಿಗೆ ಸರಿಯಿತು.

ಹಾಗಾದರೆ ಮೇಲಿನಿಂದ ನೋಡುವುದು ಎಂದರೇನು? ಕೆಲವರು ಎತ್ತರದಲ್ಲಿ ಕುಳಿತು ತಪ್ಪು ಹುಡುಕುತ್ತಾರೆ. ಹೊಲದ ಅಟ್ಟಣೆಯ ಮೇಲೆ ಕುಳಿತ ರೈತನಾದರೋ ಪೈರನ್ನು ಕಾಯಲೆಂದೇ ಎತ್ತರಕ್ಕೆ ಹತ್ತುತ್ತಾನೆ. ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ಯೇಸುಸ್ವಾಮಿಯನ್ನೇ ನಮ್ಮ ಆತ್ಮಗಳ ಕುರುಬ, ಪಾಲಕ ಎಂದು ಕರೆಯುವಾಗ ಬಳಸಿರುವುದು ಇದೇ ಗ್ರೀಕ್ ಪದ. ಕುರುಬನ ನೋಟವಿಲ್ಲದಿದ್ದರೆ ಬಿಷಪ್ ಎಂಬುದು ಬರಿಯ ಬಿರುದು.

ಓದುಗರೇ, ಇದರಲ್ಲಿ ನಿಮಗೂ ಪಾಲುಂಟು. ಆಫ್ರಿಕಾದ ಹಿಪ್ಪೋ ನಗರದ ಬಿಷಪರಾಗಿದ್ದ ಸಂತ ಅಗಸ್ಟೀನರು ಒಂದು ಪ್ರಬೋಧನೆಯಲ್ಲಿ ಮನೆಯ ಯಜಮಾನರಿಗೆ, ತಮ್ಮ ತಮ್ಮ ಮನೆಗಳಲ್ಲಿ ಬಿಷಪರ ಕೆಲಸವನ್ನು ನೀವೇ ಮಾಡಬೇಕು ಎಂದು ಬೋಧಿಸಿದರು. ನಂಜನಗೂಡಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬರುವ ತಂದೆ, ನರಸೀಪುರದ ಗದ್ದೆಯಲ್ಲಿ ನಾಟಿ ಮಾಡಿ ದಣಿದು ಬರುವ ತಾಯಿ, ಇವರಿಗೆ ಮಕ್ಕಳ ಮುಖ ನೋಡಲೂ ಪುರುಸೊತ್ತಿಲ್ಲ. ಬಸ್ಸಿನಲ್ಲಿ ಮೈಸೂರಿಗೆ ಕಾಲೇಜಿಗೆ ಹೋಗುವ ಮಗಳು ಯಾಕೆ ಮಂಕಾಗಿದ್ದಾಳೆ? ಮಗ ಜಪಸರದ ಹೊತ್ತಿಗೆ ಎಲ್ಲಿರುತ್ತಾನೆ? ಮೂಲೆಯ ಅಜ್ಜಿ ಊಟ ಮಾಡಿದರೇ? ಊಟ ಬಟ್ಟೆಗೆ ಕೊರತೆಯಿಲ್ಲದ ಮನೆಯಲ್ಲೂ ನೋಡುವ ಕಣ್ಣಿಲ್ಲದೆ ಮಕ್ಕಳು ದಾರಿ ತಪ್ಪುವುದುಂಟು.

ಶಾರ್ಬೊನೊ ಸ್ವಾಮಿಗಳು 1873ರಲ್ಲಿ ಬೆಂಗಳೂರಿನಲ್ಲಿ ದೈವಾಧೀನರಾದರು. ದೂರದ ನಾಡಿನಿಂದ ಬಂದವರು ನಮ್ಮ ನುಡಿ ಕಲಿತು, ನಮ್ಮ ಹಿರಿಯರನ್ನು ನೋಡಿಕೊಂಡರು. ಒಂದೇ ಸೂರಿನಡಿ ಇರುವವರನ್ನು ನೋಡಿಕೊಳ್ಳುವುದು ನಮಗೆ ಭಾರವಾದೀತೇ? ಇಂದು ಸಂಜೆ ಪ್ರಾರ್ಥನೆಗೆ ಕೂತಾಗ ಶಿಲುಬೆಯ ಗುರುತು ಹಾಕುವ ಮೊದಲು ಮನೆಯವರ ಮುಖಗಳನ್ನು ಒಂದೊಂದಾಗಿ ನೋಡಿ. ಯಾರು ಬಂದಿಲ್ಲವೋ ಅವರನ್ನು ಕರೆಯಿರಿ.