ಮುಧೋಳದ ಬಳೆಗಾರರ ಹುಡುಗ ಮತ್ತು ನನ್ನ ಅಕ್ಷರದ ಬಿಲ್ಲೆಗಳು

ಗೆಳೆಯರೇ, ಎರಡೇ ಬಿಲ್ಲೆ ಕೊಡುತ್ತೇನೆ: ಬ ಮತ್ತು ಳ. ಸ್ವರ ನಿಮ್ಮ ಇಷ್ಟದ್ದು. ಎಷ್ಟು ಪದ ಮಾಡುತ್ತೀರಿ? ಬಳೆ, ಬೆಳೆ, ಬಳಿ, ಬಿಳಿ, ಬಾಳೆ, ಬೇಳೆ, ಬಾಳು, ಬೀಳು, ಬೋಳು. ನನಗೆ ಹೊಳೆದದ್ದು ಒಂಬತ್ತು, ನಿಮಗೆ ಇನ್ನೂ ಹೊಳೆಯಬಹುದು. ಈ ಎರಡು ಅಕ್ಷರವನ್ನೇ ಯಾಕೆ ಆರಿಸಿದೆ ಎಂದರೆ, ನಾನು ಇಲ್ಲಿ ಹೇಳಹೊರಟಿರುವವನು ಬಳೆಗಾರರ ಮನೆಯ ಹುಡುಗ. ಬಳೆ ಬಿಟ್ಟು ಪದ ಹಿಡಿದು ಬಾಳು ಕಟ್ಟಿಕೊಂಡವನು. ಹೆಸರು ರನ್ನ.

ನನಗೆ ಇಪ್ಪತ್ತು ವರ್ಷ, ಬಿ.ಇ. ಓದುತ್ತಿದ್ದೇನೆ. ಮನೆ ರಬಕವಿ-ಬನಹಟ್ಟಿಯಲ್ಲಿ. ನಮ್ಮದು ನೇಕಾರರ ಓಣಿ, ಬೆಳಗಾದರೆ ಮಗ್ಗದ ಸದ್ದು. ಈ ಸಲದ ಮಿನಿ ಪ್ರಾಜೆಕ್ಟಿಗೆ ಕನ್ನಡದಲ್ಲಿ ಪದ ಜೋಡಿಸುವ ಆಟ ಮಾಡೋಣ ಎಂದಾಗ, ಇಂಗ್ಲಿಷಿನಲ್ಲಿ ಮಾಡಿದರೆ ಕ್ಯಾಂಪಸ್ ಸಂದರ್ಶನದಲ್ಲಿ ಹೇಳಿಕೊಳ್ಳಲು ಸಲೀಸು ಎಂದರು ಜೊತೆಗಾರರು. ಅದೇನೂ ಸುಳ್ಳಲ್ಲ. ಇಂಗ್ಲಿಷ್ ಸ್ಕ್ರ್ಯಾಬಲ್‌ಗೆ 100 ಬಿಲ್ಲೆ ಸಾಕು. ಅದನ್ನು ಕಂಡುಹಿಡಿದ ಅಮೆರಿಕದ ಆಲ್ಫ್ರೆಡ್ ಬಟ್ಸ್ ಕೂಡ ನಮ್ಮಂತೆಯೇ ಕೆಲಸ ಹುಡುಕುತ್ತಿದ್ದವನು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಈ ವಾಸ್ತುಶಿಲ್ಪಿ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಬಿಲ್ಲೆಗಳ ಸಂಖ್ಯೆ ಗೊತ್ತುಮಾಡಿದ.

ಕನ್ನಡದಲ್ಲಿ ಆ ಲೆಕ್ಕ ಅಷ್ಟು ಸುಲಭಕ್ಕೆ ಕೂಡುವುದಿಲ್ಲ. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ 442 ಗುಣಿತಾಕ್ಷರ. ಒತ್ತಕ್ಷರಗಳು ಬೇರೆ. ಅಷ್ಟು ಬಿಲ್ಲೆ ಹರಡಿಕೊಂಡು ಆಡುವುದು ಹೇಗೆ? ದಾರಿ ಹುಡುಕುತ್ತ ಹಳೆಯ ಛಂದಸ್ಸಿನ ಪುಸ್ತಕ ತೆರೆದೆ. ಅಲ್ಲಿಂದ ಹೋಗಿ ನಿಂತದ್ದು ಪಕ್ಕದ ಮುಧೋಳದಲ್ಲಿ.

ರನ್ನ ಹುಟ್ಟಿದ್ದು 949ರಲ್ಲಿ, ಘಟಪ್ರಭೆಯ ದಂಡೆಯ ಮುದುವೊಳಲಿನಲ್ಲಿ. ಅದೇ ಇಂದಿನ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಊರು ಯಾವುದೆಂದು ಅವನು ಎಷ್ಟು ಚೊಕ್ಕವಾಗಿ ಹೇಳಿಕೊಂಡಿದ್ದಾನೆಂದರೆ, ನಾವು ಪಿನ್‌ಕೋಡ್ ಬರೆದ ಹಾಗಿದೆ: ಬೆಳುಗಲಿ ಐನೂರು, ಅದರೊಳಗೆ ಜಂಬುಖಂಡಿ ಎಪ್ಪತ್ತು, ಅದರೊಳಗೆ ಮುದುವೊಳಲು. ಜಂಬುಖಂಡಿ ಎಂದರೆ ನಮ್ಮ ಜಮಖಂಡಿ. ಬೆಳುಗಲಿಯ ಹೆಸರು ಮುಧೋಳ ತಾಲ್ಲೂಕಿನ ರನ್ನಬೆಳಗಲಿಯಲ್ಲಿ ಇನ್ನೂ ಉಳಿದಿದೆ. ಬೀಳಗಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ಓಡಾಡುವ ನಾವೆಲ್ಲ ಅವನ ಸೀಮೆಯವರೇ.

ಮನೆತನದ ಕಸುಬು ಬಳೆ ವ್ಯಾಪಾರ. ಅದನ್ನು ಅವನು ಮುಚ್ಚಿಡಲಿಲ್ಲ. ತಾನು ಬಳೆಗಾರರ ಕುಲದವನೆಂದು ಕಾವ್ಯದಲ್ಲೇ ಹೇಳಿಕೊಂಡ. ಆದರೆ ಓದುವ ಆಸೆಗೆ ಊರು ಸಾಲಲಿಲ್ಲ. ಹೊರಟವನು ಸೇರಿದ್ದು ಶ್ರವಣಬೆಳಗೊಳ. ನಕ್ಷೆಯಲ್ಲಿ ಮುಧೋಳದಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಸುಮಾರು 400 ಕಿ.ಮೀ. ಹಾಸ್ಟೆಲ್ ಸೀಟಿಗಾಗಿ ಬೆಂಗಳೂರು, ಧಾರವಾಡ ಎಂದು ಬ್ಯಾಗು ಹೊತ್ತು ಹೊರಟ ನಮಗೆ ಆ ದೂರದ ಅರ್ಥ ಗೊತ್ತು. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು. ಗೊಮ್ಮಟನನ್ನು ಕಡೆಸಿದ ಗಂಗರ ಮಂತ್ರಿ ಚಾವುಂಡರಾಯ ಆಶ್ರಯ ಕೊಟ್ಟ. ಅಲ್ಲಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಹೆಸರು ಕೊರೆದಿದೆ. ಅದು ರನ್ನನದೇ ಎನ್ನುತ್ತಾರೆ ವಿದ್ವಾಂಸರು.

ಕಲಿತವನಿಗೆ ಕೆಲಸ ಬೇಕಲ್ಲ? ಅವನ ಕಾಲವೂ ನಿಶ್ಚಿಂತೆಯದಲ್ಲ. 973ರಲ್ಲಿ ರಾಷ್ಟ್ರಕೂಟರ ರಾಜ್ಯ ಬಿದ್ದು ಚಾಲುಕ್ಯ ತೈಲಪ ಅಧಿಕಾರಕ್ಕೆ ಬಂದ. ಆಗ ರನ್ನನಿಗೆ 24 ವರ್ಷ. ನಮ್ಮಲ್ಲಿ ಅನೇಕರು ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತ ಕೂತಿರುವ ವಯಸ್ಸು. ಅಂಥ ಹೊತ್ತಿನಲ್ಲಿ ಕೈಯಲ್ಲಿದ್ದ ವಿದ್ಯೆಯನ್ನೇ ನಂಬಿ ಅವನು ಹೊಸ ಆಸ್ಥಾನದಲ್ಲಿ ಜಾಗ ಸಂಪಾದಿಸಿದ. ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದು ಬಂತು. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಗದಾಯುದ್ಧ ಬರೆದ. ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಮುಗಿಸಿದ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆ ಇವಳೇ. ರನ್ನ ಉಪಕಾರ ಮರೆಯಲಿಲ್ಲ: ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಕೈಹಿಡಿದ ಇಬ್ಬರೂ ಅವನ ಮನೆಯಲ್ಲೇ ದಿನವೂ ಕರೆಯುವ ಹೆಸರಾದರು.

ಈಗ ಆಟಕ್ಕೆ ಬರೋಣ. ರನ್ನ ಬರೆದದ್ದು ಚಂಪೂ ಕಾವ್ಯ, ಅದರಲ್ಲಿ ಹೆಚ್ಚಾಗಿ ಬರುವ ಪದ್ಯ ಕಂದ. ಕಂದವನ್ನು ಒಂದು ಆಟದ ಹಲಗೆ ಎಂದುಕೊಳ್ಳಿ. ನಾಲ್ಕು ಸಾಲು, ಮಾತ್ರೆಗಳು 12, 20, 12, 20, ಒಟ್ಟು 64. ನಾಲ್ಕು ಮಾತ್ರೆಗೆ ಒಂದು ಗಣದಂತೆ 16 ಮನೆ. ಲಘು-ಗುರು-ಲಘು ಎಂಬ ಜಗಣ ಬೆಸ ಮನೆಗಳಲ್ಲಿ ಬರಕೂಡದು. ಆರನೆಯ ಮತ್ತು ಹದಿನಾಲ್ಕನೆಯ ಮನೆಯಲ್ಲಿ ಮಾತ್ರ ಅದು ಇರಬೇಕು, ಇಲ್ಲವೇ ನಾಲ್ಕೂ ಲಘು ಇರಬೇಕು. ಇದರ ಮೇಲೆ ಪ್ರಾಸ: ನಾಲ್ಕೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಬದಲಾದರೆ ಅಡ್ಡಿಯಿಲ್ಲ. ಮೊದಲಕ್ಷರ ಒಂದು ಸಾಲಿನಲ್ಲಿ ಹ್ರಸ್ವವಾದರೆ ಎಲ್ಲದರಲ್ಲೂ ಹ್ರಸ್ವ, ದೀರ್ಘವಾದರೆ ಎಲ್ಲದರಲ್ಲೂ ದೀರ್ಘ. ಹೀಗಾಗಿ ಬಳೆಗೆ ಬೆಳೆ, ಬಿಳಿ ಜೊತೆಯಾಗುತ್ತವೆ. ಬಾಳೆಗೆ ಬೇಳೆ, ಬೀಳು.

ನನ್ನ ತೊಡಕು ಬಿಡಿಸಿದ್ದು ಈ ಪ್ರಾಸದ ನಿಯಮವೇ. ವ್ಯಂಜನ ಗಟ್ಟಿ, ಸ್ವರ ಸಡಿಲ. ಬಿಲ್ಲೆಯ ಮೇಲೆ ವ್ಯಂಜನ ಮಾತ್ರ ಇರಲಿ, ಕಾಗುಣಿತ ಆಡುವವರೇ ಹಾಕಿಕೊಳ್ಳಲಿ ಎಂದು ತೀರ್ಮಾನಿಸಿದೆವು. 442ರ ಭಾರ 34ಕ್ಕೆ ಇಳಿಯಿತು. ಸ್ವರದಿಂದಲೇ ಶುರುವಾಗುವ ಪದಗಳಿಗೆ ಒಂದು ಖಾಲಿ ಬಿಲ್ಲೆ.

ಆಡುವ ಉಪಾಯವೂ ಇಲ್ಲೇ ಇದೆ. ಕೈಯಲ್ಲಿರುವ ಅಕ್ಷರ ಕಲಸಿ ಸುಮ್ಮನೆ ದಿಟ್ಟಿಸಿದರೆ ಪದ ಹೊಳೆಯದು. ಒಂದು ವ್ಯಂಜನವನ್ನು ಎರಡನೆಯ ಮನೆಯಲ್ಲಿ ನಿಲ್ಲಿಸಿ, ಅದರ ಹಿಂದೆ ಉಳಿದವನ್ನು ಒಂದೊಂದಾಗಿ ಇಟ್ಟು ನೋಡಿ. ಆಮೇಲೆ ಹ್ರಸ್ವವನ್ನು ದೀರ್ಘ ಮಾಡಿ. ಒಂದೇ ವ್ಯಂಜನ ಎರಡಿದ್ದರೆ ಒತ್ತಕ್ಷರ ಮಾಡಿ. ಬಹುವಚನದ ಗಳು ಬರುವಂತಿದ್ದರೆ ಗ, ಳ ಎರಡನ್ನೂ ಕೊನೆಗೆ ಉಳಿಸಿಕೊಳ್ಳಿ. ಹಲಗೆಯ ಮೇಲೆ ಆಗಲೇ ಇರುವ ಪದವನ್ನು ಮರೆಯಬೇಡಿ, ಅದಕ್ಕೆ ಒಂದು ಅಕ್ಷರ ಸೇರಿಸಿದರೂ ಹೊಸ ಪದ ಹುಟ್ಟೀತು. ಸ, ಮ, ರ ತೆಗೆದುಕೊಳ್ಳಿ: ಸಮ, ಸರ, ರಸ, ಮರ, ಸಮರ. ಇನ್ನೊಂದು ಸ ಸಿಕ್ಕಿದರೆ ಸಮರಸ.

ಸಮರದಿಂದ ರಸ ತೆಗೆದವನು ರನ್ನ. ಗದಾಯುದ್ಧದ ಕತೆ ಹೊಸದಲ್ಲ, ಪಂಪನ ಭಾರತದಲ್ಲಿ ಒಂದು ಆಶ್ವಾಸದಷ್ಟು ಬಂದುಹೋದದ್ದು. ರನ್ನ ಆ ಕೊನೆಯ ದಿನದ ಮೇಲೆ ನಿಂತು, ಸಿಂಹ ನಡೆಯುತ್ತ ಹಿಂತಿರುಗಿ ನೋಡುವಂತೆ ಇಡೀ ಭಾರತವನ್ನು ಹಿಂದಿರುಗಿ ನೋಡಿದ. ಸೋತ ದುರ್ಯೋಧನನನ್ನು ಓದುಗರು ಮರುಗುವಷ್ಟು ದೊಡ್ಡವನನ್ನಾಗಿ ಮಾಡಿದ. ಸರೋವರದ ನೀರಿನಲ್ಲಿ ಅಡಗಿದವನು ಭೀಮನ ಕೂಗು ಕೇಳಿ ಆ ತಣ್ಣೀರಿನಲ್ಲೂ ಬೆವರುತ್ತಾನೆ. ಅದೇ ಕತೆ, ಅವೇ ಪಾತ್ರಗಳು. ಜೋಡಿಸಿದ ರೀತಿ ಬೇರೆ. ಎಲ್ಲರ ಕೈಯಲ್ಲೂ ಇರುವ ಬಿಲ್ಲೆಗಳಿಂದ ಬೇರೆ ಆಟ ಆಡಿದ ಹಾಗೆ.

ರನ್ನನ ಇನ್ನೊಂದು ಕೆಲಸ ಪಠ್ಯಪುಸ್ತಕದಲ್ಲಿ ಹೆಚ್ಚು ಕಾಣದು. ಅವನ ಹೆಸರಿನಲ್ಲಿ ರನ್ನಕಂದ ಎಂಬ ನಿಘಂಟು ಇದೆ. ಪದಕ್ಕೆ ಅರ್ಥ ಹೇಳುವ ಕಂದಪದ್ಯಗಳು. ಕನ್ನಡದ ಮೊದಲ ನಿಘಂಟು ಇದೇ ಎಂದು ಹೇಳುವುದುಂಟು. ಸಿಕ್ಕಿರುವುದು ಬರೀ ಕೆಲವು ಪದ್ಯ. ಅವನ ಪರಶುರಾಮಚರಿತ, ಚಕ್ರೇಶ್ವರಚರಿತ ಹೆಸರಿಗಷ್ಟೇ ಉಳಿದಿವೆ. ಚಕ್ರವರ್ತಿಯ ಆಸ್ಥಾನದಲ್ಲಿದ್ದ ಕವಿಯ ಮಾತುಗಳೇ ಹೀಗೆ ಕಳೆದುಹೋದರೆ ನಮ್ಮ ಓಣಿಯ ಮಾತುಗಳ ಪಾಡೇನು?

ಆಟಕ್ಕೆ ಪದಪಟ್ಟಿ ಸೇರಿಸುವಾಗ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಟ್ಟಿಯಲ್ಲಿ ಇಲ್ಲದ ಪದವನ್ನು ಯಂತ್ರ ತಪ್ಪು ಎನ್ನುತ್ತದೆ. ಹಾಗೆಂದರೆ ಲಾಳಿ, ಕಂಡಿಕೆ, ಹಾಸು, ಹೊಕ್ಕು ಎನ್ನುವ ನಮ್ಮಜ್ಜ ತಪ್ಪೇ? ಗಾಣ, ಕೊಪ್ಪರಿಗೆ, ಕಾಕಂಬಿ ಎನ್ನುವ ಮುಧೋಳದ ಕಬ್ಬಿನವರು ತಪ್ಪೇ? ನಮ್ಮಲ್ಲಿ ವಿದ್ಯುತ್ ಮಗ್ಗ ಬಂದ ಮೇಲೆ ಕೈಮಗ್ಗದ ಎಷ್ಟೋ ಮಾತು ಹಿರಿಯರ ಬಾಯಲ್ಲಷ್ಟೇ ಇವೆ. ನಾನು ನಾಳೆ ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುವವನೇ, ಮಗ್ಗಕ್ಕೆ ಕೂರುವವನಲ್ಲ. ರನ್ನನೂ ಬಳೆ ಮಾರುತ್ತ ಊರಲ್ಲಿ ಉಳಿಯಲಿಲ್ಲ. ಆದರೆ ಹೋದಲ್ಲೆಲ್ಲ ಊರಿನ ಹೆಸರು, ಕುಲದ ಕಸುಬು ಎರಡನ್ನೂ ಹೇಳಿಕೊಂಡ. ಅದಕ್ಕೇ ಸಾವಿರ ವರ್ಷದ ಮೇಲೂ ಅವನ ಮನೆ ಎಲ್ಲಿತ್ತೆಂದು ನಮಗೆ ಗೊತ್ತು.

ಆದ್ದರಿಂದ ಓದುಗ ಗೆಳೆಯರಲ್ಲಿ ಒಂದು ಕೇಳಿಕೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಸಂದರ್ಶನಕ್ಕೆ ಸಿದ್ಧರಾಗುತ್ತಿರುವವರು ಮುಂದಿನ ರಜೆಗೆ ಮನೆಗೆ ಹೋದಾಗ ನಿಮ್ಮ ಮನೆಯ ಕಸುಬಿನ ಹತ್ತು ಪದ ಕೇಳಿ, ಅರ್ಥದ ಜೊತೆ ಬರೆದಿಟ್ಟುಕೊಳ್ಳಿ. ಕುಂಬಾರಿಕೆಯದಿರಲಿ, ಕಮ್ಮಾರಿಕೆಯದಿರಲಿ, ಒಕ್ಕಲುತನದ್ದಿರಲಿ. ಹತ್ತು ಮಂದಿ ಬರೆದರೆ ನೂರು ಬಿಲ್ಲೆ. ಇಂಗ್ಲಿಷಿನ ಆ ಆಟ ಶುರುವಾಗುವುದೂ ಅಷ್ಟರಿಂದಲೇ.