ಫಾದರ್ ತೆಯಾರ್ ದ ಶಾರ್ದಾನ್: ಜನ್ಮಪಾಪದ ಪ್ರಶ್ನೆಯೊಡನೆ ಬಾಳಿದ ಗುರು

ನಮ್ಮ ಮಕ್ಕಳು ಭಾನುವಾರ ಜ್ಞಾನೋಪದೇಶದ ತರಗತಿಯಲ್ಲಿ ಆದಾಮ ಹವ್ವರ ಪತನವನ್ನು ಕಲಿಯುತ್ತಾರೆ. ಸೋಮವಾರ ಶಾಲೆಯಲ್ಲಿ ಡಾರ್ವಿನನ ವಿಕಾಸವಾದವನ್ನು ಓದುತ್ತಾರೆ. ಎರಡರಲ್ಲಿ ಯಾವುದು ನಿಜವೆಂದು ಮಗು ಕೇಳಿದಾಗ ತಂದೆತಾಯಂದಿರು ತಬ್ಬಿಬ್ಬಾಗುವುದುಂಟು. ಇದೇ ಪ್ರಶ್ನೆಯನ್ನು ಜೀವಮಾನವಿಡೀ ಹೊತ್ತು, ಅದರ ನಿಮಿತ್ತ ಸ್ವದೇಶದಿಂದಲೇ ದೂರವಾದ ಯೇಸುಸಭೆಯ ಗುರುಗಳೊಬ್ಬರನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

ಪಿಯೇರ್ ತೆಯಾರ್ ದ ಶಾರ್ದಾನ್ 1881ರ ಮೇ 1ರಂದು ಫ್ರಾನ್ಸಿನ ಓವೆರ್ನ್ ಪ್ರಾಂತದಲ್ಲಿ ಜನಿಸಿದರು. ಅದು ಆರಿಹೋದ ಜ್ವಾಲಾಮುಖಿಗಳ ನಾಡು. ಎಂದೂ ಅಳಿಯದ ವಸ್ತುವೆಂದು ಬಗೆದು ಬಾಲಕನು ಕಬ್ಬಿಣದ ತುಂಡುಗಳನ್ನು ಕೂಡಿಡುತ್ತಿದ್ದನಂತೆ. ಅದಕ್ಕೂ ತುಕ್ಕು ಹಿಡಿಯುವುದನ್ನು ಕಂಡು ಅತ್ತು, ಬಳಿಕ ಕಲ್ಲುಗಳತ್ತ ಮನಸ್ಸು ತಿರುಗಿಸಿದನಂತೆ. 1899ರಲ್ಲಿ ಯೇಸುಸಭೆಯನ್ನು ಸೇರಿ, 1911ರಲ್ಲಿ ಇಂಗ್ಲೆಂಡಿನಲ್ಲಿ ಗುರುದೀಕ್ಷೆ ಪಡೆದರು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಸೇವೆ ಸಲ್ಲಿಸಿ ಪದಕಗಳನ್ನು ಗಳಿಸಿದರು. 1922ರಲ್ಲಿ ಡಾಕ್ಟರೇಟ್ ಪಡೆದರು. ಪ್ಯಾರಿಸಿನ ಕಥೋಲಿಕ ವಿದ್ಯಾಪೀಠದಲ್ಲಿ ಭೂವಿಜ್ಞಾನದ ಅಧ್ಯಾಪಕರಾದರು.

ಅವರನ್ನು ಕಾಡಿದ ತೊಡಕು ಇದು. ಮಾನವನ ಪಾಪದಿಂದ ಮರಣವು ಲೋಕಕ್ಕೆ ಬಂದಿತೆಂದು ಸಂತ ಪೌಲರು ಬೋಧಿಸುತ್ತಾರೆ. ಜನ್ಮಪಾಪವು ಆದಾಮನಿಂದ ಎಲ್ಲರಿಗೂ ವಂಶಾನುಗತವಾಗಿ ಬರುವುದೆಂದು 1546ರಲ್ಲಿ ತ್ರೆಂತ್ ಮಹಾಸಭೆ ಸಾರಿತು. ಆದರೆ ಬಂಡೆಗಳ ಪದರಗಳಲ್ಲಿ, ಮನುಷ್ಯನು ಹುಟ್ಟುವುದಕ್ಕೆ ಕೋಟ್ಯಂತರ ವರ್ಷಗಳ ಮುಂಚೆಯೇ, ಸತ್ತ ಜೀವಿಗಳ ಅವಶೇಷಗಳಿವೆ. ನೋವಿಲ್ಲದ, ಸಾವಿಲ್ಲದ ಉದ್ಯಾನದ ಗುರುತು ಅಲ್ಲೆಲ್ಲಿಯೂ ಕಾಣದು. 1922ರಲ್ಲಿ ಬೆಲ್ಜಿಯಮ್ಮಿನ ದೈವಶಾಸ್ತ್ರದ ಅಧ್ಯಾಪಕರೊಬ್ಬರು ಕೇಳಿಕೊಂಡ ಮೇರೆಗೆ ಅವರು ಈ ವಿಷಯವಾಗಿ ಕೆಲವೇ ಪುಟಗಳ ಟಿಪ್ಪಣಿ ಬರೆದುಕೊಟ್ಟರು. ಅಸಂಖ್ಯ ಚೂರುಗಳಿಂದ ಏಕತೆಯತ್ತ ಬೆಳೆಯುತ್ತಿರುವ ಸೃಷ್ಟಿಯಲ್ಲಿ ಅವ್ಯವಸ್ಥೆಯು ನೆರಳಿನಂತೆ ಜೊತೆಗೇ ಬರುವುದು. ಜನ್ಮಪಾಪವು ಒಂದು ದಿನ ಒಂದೆಡೆ ನಡೆದ ಘಟನೆಗಿಂತ ಮಿಗಿಲಾಗಿ ಇಡೀ ಸೃಷ್ಟಿಯ ಸ್ಥಿತಿಯಾಗಿರಬಹುದು ಎಂಬುದು ಅದರ ತಿರುಳು.

ಅಚ್ಚಿಗಾಗಿ ಬರೆದದ್ದಲ್ಲದ ಆ ಟಿಪ್ಪಣಿ ಹೇಗೋ ರೋಮಾಪುರಿಯನ್ನು ತಲುಪಿತು. ಆರು ವಾಕ್ಯಗಳ ಒಂದು ಪತ್ರಕ್ಕೆ ಸಹಿ ಹಾಕಬೇಕೆಂದು ಮೇಲಧಿಕಾರಿಗಳಿಂದ ಅಪ್ಪಣೆಯಾಯಿತು. ಅವರು ತಳಮಳಿಸಿದರು. ಕೊನೆಗೆ ಮಿತ್ರರಾದ ಫಾದರ್ ವಾಲೆನ್ಸೆನ್ ಮುಂತಾದವರ ಸಲಹೆಯಂತೆ, 1925ರ ಜುಲೈ ತಿಂಗಳಲ್ಲಿ ಸಹಿ ಮಾಡಿದರು. (ಅದೇ ತಿಂಗಳು ಅಮೆರಿಕದ ಟೆನೆಸ್ಸಿಯಲ್ಲಿ ವಿಕಾಸವಾದವನ್ನು ಬೋಧಿಸಿದ ಶಾಲಾ ಶಿಕ್ಷಕನೊಬ್ಬನ ವಿಚಾರಣೆ ನಡೆದಿತ್ತು.) ಅಧ್ಯಾಪಕ ಪದವಿ ಹೋಯಿತು. 1926ರಲ್ಲಿ ಚೀನಾಕ್ಕೆ ಹೊರಟರು.

ಚೀನಾ ಅವರಿಗೆ ಹೊಸದಾಗಿರಲಿಲ್ಲ. 1923ರಲ್ಲಿ ಓರ್ಡೋಸ್ ಮರುಭೂಮಿಯಲ್ಲಿ ರೊಟ್ಟಿ, ದ್ರಾಕ್ಷಾರಸ, ಪೀಠ ಯಾವುದೂ ಇಲ್ಲದ ಸ್ಥಿತಿಯಲ್ಲಿ ಇಡೀ ಭೂಮಿಯ ದುಡಿಮೆ, ವೇದನೆಗಳನ್ನೇ ಕಾಣಿಕೆಯಾಗಿ ಅರ್ಪಿಸುವ ಧ್ಯಾನವೊಂದನ್ನು ಅವರು ರಚಿಸಿದ್ದರು. ಈಗ ಪೀಕಿಂಗ್ ಸಮೀಪದ ಝೌಕೌದಿಯನ್ ಗುಹೆಗಳ ಉತ್ಖನನಕ್ಕೆ ಭೂವಿಜ್ಞಾನದ ಸಲಹೆಗಾರರಾದರು. 1929ರ ಡಿಸೆಂಬರಿನಲ್ಲಿ ಅಲ್ಲಿ ಲಕ್ಷಾಂತರ ವರ್ಷ ಹಿಂದಿನ ಆದಿಮಾನವನ ತಲೆಬುರುಡೆ ದೊರೆಯಿತು. 1935ರಲ್ಲಿ ನಮ್ಮ ದೇಶಕ್ಕೂ ಬಂದು ಕಾಶ್ಮೀರ ಮತ್ತು ನರ್ಮದಾ ಕಣಿವೆಗಳ ಪದರಗಳನ್ನು ಪರಿಶೀಲಿಸಿದರು.

ಅವರ ಮುಖ್ಯ ಗ್ರಂಥ ‘ಮಾನವನೆಂಬ ವಿದ್ಯಮಾನ’ಕ್ಕೆ ಮುದ್ರಣಾನುಮತಿ ಕೋರಿ 1948ರಲ್ಲಿ ಸ್ವತಃ ರೋಮಾಪುರಿಗೆ ಹೋದರು. ಅನುಮತಿ ಸಿಗಲಿಲ್ಲ. ಅಲ್ಲಿದ್ದಾಗಲೇ ಅದಕ್ಕೆ ಕೇಡಿನ ವಿಷಯವಾಗಿ ಒಂದು ಅನುಬಂಧವನ್ನು ಸೇರಿಸಿದರು. ಲೋಕದಲ್ಲಿರುವ ಕೇಡು ವಿಕಾಸದ ಸಹಜ ಫಲವನ್ನೂ ಮೀರಿದೆಯೇ, ಆದಿಯಲ್ಲಿ ನಡೆದ ಯಾವುದೋ ದುರಂತವೂ ಅದಕ್ಕೆ ಕಾರಣವೇ ಎಂದು ತಾವೇ ಕೇಳಿ, ತೀರ್ಪು ಕೊಡಲು ತಮಗೆ ಸಾಧ್ಯವಿಲ್ಲವೆಂದು ಒಪ್ಪಿಕೊಂಡರು. ಈ ಒಪ್ಪಿಗೆಯನ್ನು ಅವರ ಅಭಿಮಾನಿಗಳೂ ಟೀಕಾಕಾರರೂ ಮರೆಯುವುದೇ ಹೆಚ್ಚು.

ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುವುದು ಲೇಸು. ರೋಮಾಪುರಿಯ ಆತಂಕ ನಿರಾಧಾರವಾಗಿರಲಿಲ್ಲ. ಕೇಡು ಸೃಷ್ಟಿಯ ಅನಿವಾರ್ಯ ನೆರಳಾದರೆ ಮನುಷ್ಯನ ಸ್ವತಂತ್ರ ಇಚ್ಛೆಯ ತಪ್ಪು ಹಗುರಾಗಿ, ಹೊರೆ ಸೃಷ್ಟಿಕರ್ತನ ಮೇಲೆ ಬೀಳುತ್ತದೆ. ಆದರೆ ಪ್ರಶ್ನೆ ಕೇಳಿದವರನ್ನು ದೂರ ಕಳುಹಿಸಿದ ಮಾತ್ರಕ್ಕೆ ಪ್ರಶ್ನೆ ದೂರವಾಗದು. ಜಗದ್ಗುರು ಹನ್ನೆರಡನೆಯ ಪಿಯೂಸರು 1950ರ ವಿಶ್ವಪತ್ರದಲ್ಲಿ, ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುವರೆಂಬ ವಿಶ್ವಾಸವನ್ನು ಕಾಯ್ದುಕೊಂಡು, ಮಾನವ ದೇಹದ ವಿಕಾಸವನ್ನು ವಿದ್ವಾಂಸರು ಶೋಧಿಸಬಹುದೆಂದರು. ಆದರೆ ಮಾನವರಿಗೆ ಅನೇಕ ಮೂಲಪಿತೃಗಳಿದ್ದರೆಂಬುದು ಜನ್ಮಪಾಪದ ಬೋಧನೆಯೊಡನೆ ಹೇಗೆ ಹೊಂದುವುದೋ ಕಾಣದೆಂದೂ ಎಚ್ಚರಿಸಿದರು. 1992ರ ಧರ್ಮೋಪದೇಶ ಗ್ರಂಥವು ಆದಿಕಾಂಡದ ಪತನದ ಕಥೆ ಸಾಂಕೇತಿಕ ಭಾಷೆಯಲ್ಲಿದೆಯೆಂದೂ, ಆದರೂ ಮಾನವ ಇತಿಹಾಸದ ಆದಿಯಲ್ಲಿ ನಡೆದ ಕೃತ್ಯವನ್ನೇ ಸಾರುತ್ತದೆಂದೂ ಬೋಧಿಸುತ್ತದೆ. ಹುಟ್ಟಿದ ಕೂಸಿನಲ್ಲಿರುವ ಜನ್ಮಪಾಪವು ಅದು ತಾನೇ ಮಾಡಿದ ತಪ್ಪಲ್ಲ, ಮೂಲ ಪಾವಿತ್ರ್ಯವನ್ನು ಕಳೆದುಕೊಂಡ ಸ್ಥಿತಿ ಎಂದೂ ಅದರಲ್ಲಿದೆ.

ಫಾದರ್ ತೆಯಾರ್ 1955ರ ಏಪ್ರಿಲ್ 10ರಂದು, ಪುನರುತ್ಥಾನದ ಹಬ್ಬದ ದಿನ, ನ್ಯೂಯಾರ್ಕಿನಲ್ಲಿ ನಿಧನರಾದರು. ಗ್ರಂಥ ಅದೇ ವರ್ಷ ಅಚ್ಚಾಯಿತು. 1962ರಲ್ಲಿ ರೋಮಾಪುರಿ ಅವರ ಬರಹಗಳ ಬಗ್ಗೆ ಎಚ್ಚರಿಕೆ ನೀಡಿತು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ತಮ್ಮ ವಿಶ್ವಪತ್ರದ ಅಡಿಟಿಪ್ಪಣಿಯೊಂದರಲ್ಲಿ ಅವರ ಕೊಡುಗೆಯನ್ನು ಹೆಸರಿಸಿದರು. ಹಡ್ಸನ್ ನದಿಯ ಬಳಿಯ ಯೇಸುಸಭೆಯ ನವಶಿಷ್ಯರ ಮಠದಲ್ಲಿ, ಸಹೋದರ ಗುರುಗಳ ನಡುವೆ ಅವರ ಸಮಾಧಿಯಿದೆ. ಮಠದ ಕಟ್ಟಡಗಳಲ್ಲಿ 1970ರ ದಶಕದಿಂದ ಅಡಿಗೆಯ ವಿದ್ಯೆ ಕಲಿಸುವ ಕಾಲೇಜು ನಡೆಯುತ್ತಿದೆ. ಸಮಾಧಿಭೂಮಿ ಹಾಗೆಯೇ ಉಳಿದಿದೆ.